ಜೇನುಮರದಿಂದ ಮರಳಿದ ಚಿಗುರಿ

ಹೊಳೆಯ ಈಚೆ ದಡದ ಒಂದು ಕಾಡಿನಲ್ಲಿ ಸೋಮಿ ಎಂಬ ಅಳಿಲು ಇದ್ದಳು. ಗಂಡ ಹಾವಿನ ಬಾಯಿಗೆ ಬಿದ್ದಿದ್ದ. ಉಳಿದವಳು ಮಗಳು ಚಿಗುರಿ ಒಬ್ಬಳೇ. ಆ ವರ್ಷ ಮರಗಳಲ್ಲಿ ಕಾಯಿಯೇ ಹಿಡಿದಿರಲಿಲ್ಲ. ಸಿಕ್ಕಿದ್ದನ್ನು ಸೋಮಿ ಮಗಳಿಗೆ ಕೊಟ್ಟು, ತಾನು ಅರೆಹೊಟ್ಟೆಯಲ್ಲಿ ಮಲಗುತ್ತಿದ್ದಳು.

ಒಂದು ಸಂಜೆ ಅವರ ಮರದ ಬುಡಕ್ಕೆ ಪುನುಗು ಬೆಕ್ಕು ಬಂದಳು. ಹೆಸರು ಪರಿಮಳ. ಮೈಯೆಲ್ಲ ಘಮಘಮ, ಬಾಯಿ ತುಂಬ ಸಿಹಿ ಮಾತು. ಬರುವಾಗ ಮಾಗಿದ ಅತ್ತಿಹಣ್ಣನ್ನೂ ತಂದಿದ್ದಳು.

"ಮಗು ಎಷ್ಟು ಸೊರಗಿದೆಯೇ ಸೋಮಿ! ಹೊಳೆಯಾಚೆ ನನಗೆ ಗೊತ್ತಿರುವ ಕರಡಿಯೊಬ್ಬರಿದ್ದಾರೆ. ದೊಡ್ಡ ಮನೆತನ. ಅವರ ಮರಿಗಳನ್ನು ಆಡಿಸಿಕೊಂಡಿದ್ದರೆ ಸಾಕು, ಹೊಟ್ಟೆ ತುಂಬ ಊಟ. ಮಳೆ ಕಳೆದ ಕೂಡಲೇ ನಾನೇ ತಂದು ಬಿಡುತ್ತೇನೆ."

"ಇನ್ನೂ ಚಿಕ್ಕವಳು ಅಕ್ಕಾ."

"ನಾನೇನು ಹೊರಗಿನವಳೇ? ಇವಳು ನನ್ನ ಮಗಳ ಹಾಗಲ್ಲವೇ?"

ಚಿಗುರಿ ತಾಯಿಯ ಬಾಲ ಹಿಡಿದುಕೊಂಡಳು. "ಅವ್ವಾ, ನಾನು ಹೋಗಲ್ಲ."

ಸೋಮಿ ಆ ಪುಟ್ಟ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. "ಅಲ್ಲಾದರೂ ಹೊಟ್ಟೆ ತುಂಬ ತಿನ್ನುತ್ತೀಯ. ಹೋಗು ಕಂದಾ."

ಹೊಳೆಯಾಚೆ ಮನೆತನವೂ ಇರಲಿಲ್ಲ, ಕರಡಿಮರಿಗಳೂ ಇರಲಿಲ್ಲ. ಒಂದು ಭಾರಿ ಮರವಿತ್ತು. ಅದರ ತೆಳ್ಳನೆಯ ಕೊಂಬೆಗಳ ತುದಿಯಲ್ಲಿ ಜೇನುಹುಟ್ಟುಗಳು ತೂಗುತ್ತಿದ್ದವು. ಕರಡಿಯ ಭಾರಕ್ಕೆ ಆ ಕೊಂಬೆಗಳು ಮುರಿಯುತ್ತಿದ್ದವು. ಅದಕ್ಕೇ ಅವನಿಗೆ ಬೇರೆಯವರ ಪುಟ್ಟ ಮರಿಗಳು ಬೇಕಿದ್ದವು; ಚಿಗುರಿಗಿಂತ ಮೊದಲೇ ಕೆಲವು ಅಲ್ಲಿದ್ದವು. ಪರಿಮಳ ತನ್ನ ಪಾಲಿನ ಜೇನು ತೆಗೆದುಕೊಂಡು ಹೊರಟಳು. ಚಿಗುರಿ ಕೂಗಿದರೂ ತಿರುಗಿ ನೋಡಲಿಲ್ಲ.

"ಹತ್ತು. ಹುಟ್ಟು ಕಚ್ಚಿ ಕೆಡವು" ಎಂದ ಕರಡಿ.

"ಹುಳ ಕಚ್ಚುತ್ತವೆ."

"ಕಚ್ಚಲಿ. ನಿನ್ನ ತಾಯಿಯೇ ನಿನ್ನನ್ನು ಕೊಟ್ಟಿದ್ದಾಳೆ. ಓಡಿಹೋದರೆ ಸೇರಿಸಿಕೊಳ್ಳುವವರು ಯಾರು?"

ಆ ಮಾತು ಹುಳದ ಮುಳ್ಳಿಗಿಂತ ಆಳಕ್ಕೆ ಇಳಿಯಿತು. ಚಿಗುರಿ ದಿನವೂ ಹತ್ತಿದಳು. ಹುಳ ಕಚ್ಚಿ ಅವಳ ಒಂದು ಕಣ್ಣು ಹೋಯಿತು. ಒಂದು ಮಧ್ಯಾಹ್ನ ಕೈ ಜಾರಿ ಕೆಳಗೆ ಬಿದ್ದಳು. ಕರಡಿ ಕಾಲಿನಿಂದ ಸರಿಸಿ ನೋಡಿ, ಸತ್ತಳೆಂದು ಹೊಳೆಯ ಬದಿಗೆ ಎಸೆದ.

ಅಲ್ಲಿ ಒಂದು ಮುದಿ ಆಮೆ ಅವಳನ್ನು ಕಂಡಿತು. ಚಿಗುರಿ ಅವ್ವನ ಮರದ ಗುರುತು ಹೇಳಿದಳು; ಅದು ಬೇರೇನೂ ಕೇಳಲಿಲ್ಲ. ಬೆನ್ನ ಮೇಲೆ ಹೊತ್ತು ಹೊಳೆ ದಾಟಿಸಿ, ಸೋಮಿಯ ಮರದ ಬುಡಕ್ಕೆ ತಂದು ಬಿಟ್ಟಿತು.

ಸೋಮಿ ಮಗಳನ್ನು ತಬ್ಬಿಕೊಂಡು ಅತ್ತಳು. ಆದರೆ ಮರುದಿನ ಪಕ್ಕದ ಮರದ ಅಳಿಲು ಕೆಂಚಿ ತನ್ನ ಮಕ್ಕಳನ್ನು ಒಳಗೆ ಕರೆದುಕೊಂಡಳು. "ಅವಳ ಜೊತೆ ಆಡಬೇಡಿ. ಎಲ್ಲೆಲ್ಲಿ ಇದ್ದು ಬಂದಿದ್ದಾಳೋ ಏನೋ."

ಚಿಗುರಿ ಕಾಡಿನ ಯಜಮಾನನಾದ ಕಪ್ಪು ಮೋರೆಯ ಹಿರಿಯ ಕೋತಿ ಮುಸುವನ ಬಳಿ ಹೋದಳು. "ತಾತಾ, ಪರಿಮಳಕ್ಕ ನನ್ನನ್ನು ಮಾರಿದಳು. ಅಲ್ಲಿ ಇನ್ನೂ ಮರಿಗಳಿವೆ."

ಮುಸುವನ ಕೈಯಲ್ಲಿ ಪರಿಮಳ ಕೊಟ್ಟ ಅತ್ತಿಹಣ್ಣಿತ್ತು. "ಅವಳು ನಮಗೆಲ್ಲ ಬೇಕಾದವಳು. ಹಾಗೆಲ್ಲ ಮಾತಾಡಬಾರದು. ಕಳಿಸಿದವಳು ನಿನ್ನ ತಾಯಿ ತಾನೇ? ಆದದ್ದಾಯಿತು, ಮರೆತುಬಿಡು" ಎಂದ.

ಎಂಟು ದಿನವಾಗಿತ್ತು ಅಷ್ಟೇ. ಕೆಂಚಿಯ ಮಗ ಮುದ್ದ ಕಾಣೆಯಾದ; ಎರಡು ದಿನ ಹುಡುಕಿದರೂ ಸಿಗಲಿಲ್ಲ. ಪರಿಮಳಳ ಹಿಂದೆ ಹೊಳೆಯ ಕಡೆ ಹೋಗಿದ್ದನ್ನು ಕಾಗೆಯೊಂದು ನೋಡಿತ್ತು. ಕೆಂಚಿ ಬಾಯಿ ಬಡಿದುಕೊಂಡು ಚಿಗುರಿಯ ಬಳಿ ಓಡಿಬಂದಳು.

"ಆ ದಾರಿ ಯಾವುದೇ ತಾಯಿ? ಹೇಳೇ!"

ಚಿಗುರಿ ಹೊಳೆಯ ಕಡೆ ತಿರುಗಿದಳು. "ತೋರಿಸುತ್ತೇನೆ" ಎಂದಳು.

ಆಗ ಇಡೀ ಕಾಡು ಎದ್ದು ಚಿಗುರಿಯ ಹಿಂದೆ ಹೊಳೆ ದಾಟಿತು. ಕಾಡುಹಂದಿಗಳು ನುಗ್ಗಿ ಕರಡಿಯ ಕಾಲು ಮುರಿದವು. ಅವನು ಕುಂಟುತ್ತಾ ಗುಡ್ಡ ಹತ್ತಿ ಓಡಿದ. ಜೇನು ಪಡೆಯಲು ಬಂದಿದ್ದ ಪರಿಮಳ ಗಾಬರಿಯಲ್ಲಿ ಆ ಮರವನ್ನೇ ಹತ್ತಿದಳು. ಕೊಂಬೆ ಅಲುಗಿತು. ಹುಳಗಳು ಎದ್ದು ಮುತ್ತಿಕೊಂಡವು. "ಕಾಪಾಡಿ!" ಎಂದು ಕಿರುಚಿದಳು. ಯಾರೂ ಮುಂದೆ ಬರಲಿಲ್ಲ. ಎರಡೂ ಕಣ್ಣು ಕಳೆದುಕೊಂಡು ಕೆಳಗೆ ಬಿದ್ದವಳನ್ನು ಕಾಗೆಗಳು ಕುಕ್ಕುತ್ತಾ ಕಾಡಿನಾಚೆ ಅಟ್ಟಿದವು.

ಪೊದೆಯ ಹಿಂದೆ ಐದು ಮರಿಗಳು ಸಿಕ್ಕವು. ಅವುಗಳಲ್ಲಿ ಮುದ್ದ ಇರಲಿಲ್ಲ.

"ಅವನು ನಿನ್ನೆಯೇ ಮರದಿಂದ ಬಿದ್ದ. ಮತ್ತೆ ಏಳಲಿಲ್ಲ" ಎಂದಿತು ಒಂದು ಮರಿ.

ಕೆಂಚಿ ಕುಸಿದು ಕೂತಳು. ಮುಸುವ ತಲೆ ತಗ್ಗಿಸಿದ. ಚಿಗುರಿಗೆ "ನಿನ್ನ ಮಾತು ಕೇಳಬೇಕಿತ್ತು" ಎಂದು ಹೇಳಲು ಬಾಯಿ ಅವನಿಗೆ ಅಂದೂ ಬರಲಿಲ್ಲ, ಆಮೇಲೂ ಬರಲಿಲ್ಲ.

ಚಿಗುರಿ ಮರ ಹತ್ತುವುದನ್ನೇ ಬಿಟ್ಟಿದ್ದಳು. ನೊಣ ಗುಂಯ್ ಎಂದರೂ ಬೆಚ್ಚುತ್ತಿದ್ದಳು. ಸೋಮಿ ಮೇಲಿನ ಗೂಡು ಬಿಟ್ಟು, ಬೇರಿನ ಪೊಟರೆಯಲ್ಲಿ ಮಗಳ ಜೊತೆಗೇ ಇದ್ದಳು.

"ನೀನೇ ಕೊಟ್ಟೆಯಾ ಅವ್ವಾ?" ಎಂದು ಒಂದು ದಿನ ಮಗಳು ಕೇಳಿದಳು.

"ಹೌದು, ನಂಬಿ ಕೊಟ್ಟೆ. ತಪ್ಪು ನನ್ನದು. ನಿನ್ನದು ಏನೂ ಇಲ್ಲ."

ಚಿಗುರಿ ಅಂದು ಮೊದಲ ಸಲ ಗಟ್ಟಿಯಾಗಿ ಅತ್ತಳು. ಸೋಮಿ "ಅಳಬೇಡ" ಅನ್ನಲಿಲ್ಲ.

ಮರಗಳು ಮತ್ತೆ ಕಾಯಿ ಬಿಟ್ಟ ಕಾಲಕ್ಕೆ ಅವಳು ಮೊದಲ ಕೊಂಬೆಯವರೆಗೆ ಹತ್ತಿದಳು. ಅಲ್ಲಿ ಸ್ವಲ್ಪ ಹೊತ್ತು ಕೂತು ಇಳಿದುಬಿಟ್ಟಳು. "ಇನ್ನೂ ಮೇಲಕ್ಕೆ ಹೋಗು" ಎಂದು ತಾಯಿ ಹೇಳಲಿಲ್ಲ. ಇಳಿಯುವ ಮಗಳಿಗೆ ಕೈ ಚಾಚಿ ನಿಂತಳು.

ನೀತಿ: ಮಕ್ಕಳನ್ನು ಮಾರುವವರು ನಮ್ಮವರಂತೆಯೇ ಮಾತಾಡುತ್ತಾ ಬರುತ್ತಾರೆ. ನರಳಿ ಮರಳಿದ ಮಗುವನ್ನು ದೂರವಿಟ್ಟು, ಅದರ ಮಾತಿಗೆ ಕಿವಿ ಮುಚ್ಚಿಕೊಂಡವರು ಮುಂದಿನ ಮಗುವನ್ನು ತಾವೇ ಕಳಿಸಿಕೊಟ್ಟಂತೆ.