ಕಿಟಕಿಯ ಮೇಲಿನ ಲೋಟ

ಜೂನ್ ಹನ್ನೆರಡು, ಗುರುವಾರ. ಬೆಳಗಿನಿಂದ ಮೋಡ, ಮಳೆಯಿಲ್ಲ. ಮನೆಗೆಲಸದ ಮಂಚಮ್ಮನಿಗೆಂದೇ ತಂದ ಹೊಸ ಗಾಜಿನ ಲೋಟವನ್ನು ಹಿತ್ತಲ ಕಿಟಕಿಯ ಮೇಲೆ ಇಟ್ಟರು. ಅದು ಒಳಗಿನ ಲೋಟಗಳ ಸ್ಟ್ಯಾಂಡಿನತ್ತ ತಿರುಗಿ ಆಸೆಯಿಂದ ಕೇಳಿತು: “ಅಕ್ಕಾ, ಈ ಮನೆಯಲ್ಲಿ ಹೆಂಗಸರ ಲೋಟಕ್ಕೂ ಮೊದಲ ಡಿಕಾಕ್ಷನ್ನೇ ಅಂತೆ, ಹೌದೇ?”

“ಈಗ ಹೌದು ತಂಗಿ,” ಎಂದಿತು ಅಂಚು ನೆಗ್ಗಿದ ಸ್ಟೀಲ್ ಲೋಟ. “ಮೊದಲೆಲ್ಲ ಗಂಡಸರಿಗೆ ಗಟ್ಟಿ ಕಾಫಿ, ನಮಗೆ ನೀರು ಬೆರೆಸಿದ್ದು. ಹೋದ ವಾರ ನಮಗೂ ಗಟ್ಟಿ ಕಾಫಿಯೇ ಬೇಕೆಂದು ಹೆಂಗಸರ ಲೋಟಗಳೆಲ್ಲ ಒಟ್ಟಿಗೆ ನೆಲಕ್ಕೆ ಬಿದ್ದು ಗಲಾಟೆ ಮಾಡಿದೆವು. ಮನೆಯವರು ಬೆಚ್ಚಿಬಿದ್ದರು. ಮರುದಿನದಿಂದ ಒಂದೇ ಕಾಫಿ.”

“ಹಾಗಾದರೆ ನನಗೂ?”

“ಕಿಟಕಿಯ ಲೋಟದ ಮಾತನ್ನು ನಾವು ಎತ್ತಲಿಲ್ಲ.”

“ಚೆನ್ನಾಗಿದೆ! ನಿಮ್ಮನ್ನೆಲ್ಲ ದಿನಾ ತಿಕ್ಕಿ ತೊಳೆಯುವವಳು ಮಂಚಮ್ಮ. ಅವಳು ಹೆಂಗಸಲ್ಲವೇ? ಇಲ್ಲಿದ್ದ ಹಳೆಯ ಲೋಟವಾದರೂ ಬಾಯಿಬಿಟ್ಟು ಕೇಳಬಾರದಿತ್ತೇ?”

“ಕೇಳಲು ಅದು ಉಳಿಯಲಿಲ್ಲ ತಂಗಿ. ಸದ್ದು ಜೋರಾಗಲಿ ಎಂದು ಅದನ್ನೂ ಕರೆದಿದ್ದೆವು. ಎಲ್ಲರಿಗಿಂತ ಮೊದಲು ಹಾರಿದ್ದು ಅದೇ. ಬಿದ್ದು ನಾವು ನೆಗ್ಗಿದೆವು, ಅಷ್ಟೇ. ಅದು ಗಾಜು ನೋಡು, ಚೂರುಚೂರಾಯಿತು. ಅದಕ್ಕೇ ನಿನ್ನನ್ನು ತಂದದ್ದು.”