ಗುಡ್ಡದ ಬಡಾವಣೆಯ ನೀರು

"ಗುರುಗಳೇ, ನನ್ನ ಕೋಡ್ ಫೈಲು ಮೂವತ್ತು ಸಾವಿರ ಸಾಲು ದಾಟಿದೆ. ಏನು ಎಲ್ಲಿದೆ ಎಂದು ಹುಡುಕುವುದರಲ್ಲೇ ದಿನ ಮುಗಿಯುತ್ತದೆ. ಕೋಡ್ ಬರೆಯುವ ಎಡಿಟರಿಗೆ ಯಾವ ಪ್ಲಗಿನ್ ಹಾಕಿಕೊಂಡರೆ ಬೇಕಾದ ಜಾಗಕ್ಕೆ ಬೇಗ ತಲುಪಬಹುದು?" ಎಂದು ಶಿಷ್ಯ ಕೇಳಿದ.

ಗುರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ. ಈ ಪ್ರಶ್ನೆ ಅವನಿಗೆ ಹೊಸದಲ್ಲ. ಬೇರೆ ಉತ್ತರ ಹುಡುಕುವಷ್ಟು ಉತ್ಸಾಹವೂ ಉಳಿದಿರಲಿಲ್ಲ. ಕತೆ ಹೇಳಿದ.

ಒಂದು ಊರಿನ ನೀರು ಸರಬರಾಜು ಕಚೇರಿಯಲ್ಲಿ ಒಬ್ಬ ಪ್ರೋಗ್ರಾಮರ್ ಇದ್ದ. ಯಾವ ಬಡಾವಣೆಗೆ ಎಷ್ಟು ಹೊತ್ತು ನೀರು ಬಿಡಬೇಕು ಎಂದು ವಾಲ್ವುಗಳಿಗೆ ಹೇಳುತ್ತಿದ್ದುದು ಒಂದೇ ಒಂದು ಫೈಲು. ಅವನಿಗಿಂತ ಮುಂಚೆ ಇದ್ದವರೆಲ್ಲ ಅದಕ್ಕೆ ಸೇರಿಸಿದ್ದರು. ಯಾರೂ ಪೂರ್ತಿ ಓದಿರಲಿಲ್ಲ. ಇವನೂ ಓದಲಿಲ್ಲ, ಪ್ಲಗಿನ್ ಹಾಕಿಕೊಂಡ. ಫಂಕ್ಷನ್ನಿನ, ಅಂದರೆ ಒಂದು ಕೆಲಸ ಮಾಡುವ ಕೋಡ್ ತುಂಡಿನ, ಹೆಸರು ಕೊಟ್ಟರೆ ಅದು ಅವನನ್ನು ಕರೆದೊಯ್ದು ಆ ಸಾಲಿನ ಮೇಲೆ ನಿಲ್ಲಿಸುತ್ತಿತ್ತು. ಉಳಿದದ್ದನ್ನೆಲ್ಲ ಮಡಚಿ ಕಣ್ಣಿಗೆ ಬೀಳದಂತೆ ಇಡುತ್ತಿತ್ತು. ಕಚೇರಿಯವರು ಅವನ ವೇಗವನ್ನು ಮೆಚ್ಚಿದರು. ಅವರಿಗೆ ಕಾಣಿಸುತ್ತಿದ್ದುದು ಅದೊಂದೇ.

ಒಂದು ಬೇಸಿಗೆಯಲ್ಲಿ ಒತ್ತಡ ತಗ್ಗಿ ಗುಡ್ಡದ ಬಡಾವಣೆಗೆ ನೀರು ಹತ್ತುವುದು ನಿಂತಿತು. ವಾಲ್ವು ತೆರೆಯುತ್ತಿತ್ತು, ನೀರು ಮೇಲೇರುವ ಮೊದಲೇ ಮುಚ್ಚಿಕೊಳ್ಳುತ್ತಿತ್ತು. ಪ್ರೋಗ್ರಾಮರ್ ನೀರು ಬಿಡುವ ಹೊತ್ತನ್ನು ಲೆಕ್ಕ ಹಾಕುವ ಫಂಕ್ಷನ್ನಿಗೆ ಹಾರಿದ. ಲೆಕ್ಕ ತಪ್ಪಿತ್ತು. ತಿದ್ದಿದ. ಸರಿಯಾಯಿತೆಂದು ಬಡಾವಣೆಗೆ ಹೇಳಿ ಕಳಿಸಿದ. ನೀರು ಬರಲಿಲ್ಲ. ಮತ್ತೆ ಅಲ್ಲಿಗೇ ಹಾರಿದ, ಮತ್ತೆ ತಿದ್ದಿದ, ಮತ್ತೆ ಹೇಳಿ ಕಳಿಸಿದ.

ಬಡಾವಣೆಯ ಒಬ್ಬ ಹೆಂಗಸು ಬಂದು ಖಾಲಿ ಕೊಡವನ್ನು ಅವನ ಮೇಜಿನ ಮೇಲಿಟ್ಟಳು.

"ಹೋದ ವಾರಾನೂ ಸರಿಯಾಯ್ತು ಅಂದ್ರಿ ಸಾರ್."

"ಸರಿ ಮಾಡಿದ್ದೀನಮ್ಮ. ಬೇಕಾದ್ರೆ ನೀವೇ ನೋಡಿ," ಎಂದು ಪರದೆಯನ್ನು ಅವಳತ್ತ ತಿರುಗಿಸಿದ.

"ಮನೇಲಿ ಮಗಳು ಬಾಣಂತಿ. ನೀರು ಹಾಕೋಕೆ ಈ ಕಂಪ್ಯೂಟರನ್ನೇ ಹೊತ್ಕೊಂಡು ಹೋಗ್ಲಾ?"

ಅವನು ಪರದೆಯನ್ನು ಮತ್ತೆ ತನ್ನತ್ತ ತಿರುಗಿಸಿಕೊಂಡ. ಅವಳು ಕೊಡವನ್ನು ಅಲ್ಲೇ ಬಿಟ್ಟು ಹೋದಳು.

ಅಷ್ಟರಲ್ಲಿ ಅವನ ಕಂಪ್ಯೂಟರ್ ಕೆಟ್ಟಿತು. ಮೂಲೆಯಲ್ಲಿದ್ದ ಹಳೆಯದೊಂದರಲ್ಲಿ ಫೈಲು ತೆರೆದ. ಅದರಲ್ಲಿ ಪ್ಲಗಿನ್ ಇರಲಿಲ್ಲ. ಬೇರೆ ದಾರಿ ಕಾಣದೆ ಮೊದಲ ಸಾಲಿನಿಂದ ಕೆಳಗಿಳಿಯುತ್ತ ಹೋದ. ತಾನು ತಿದ್ದುತ್ತಿದ್ದ ಫಂಕ್ಷನ್ ಬಂತು, ಹೋಯಿತು. ಬಹಳ ಕೆಳಗೆ ಅದೇ ಹೆಸರಿನದು ಇನ್ನೊಂದು ಬಂತು. ಹಿಂದೆ ಇದ್ದವನೊಬ್ಬ ಮೊದಲನೆಯದು ಸಿಗದೆ, ಅದು ಇಲ್ಲವೇ ಇಲ್ಲವೆಂದುಕೊಂಡು, ಹೊಸದಾಗಿ ಬರೆದು ಸೇರಿಸಿದ್ದ. ಒಂದೇ ಹೆಸರಿನವು ಎರಡಿದ್ದರೆ ಯಂತ್ರ ನಡೆಸುತ್ತಿದ್ದುದು ಎರಡನೆಯದನ್ನು. ಪ್ಲಗಿನ್ ಕರೆದೊಯ್ಯುತ್ತಿದ್ದುದು ಮೊದಲನೆಯದಕ್ಕೆ. ಯಂತ್ರ ಎಂದೋ ಮರೆತ ಫಂಕ್ಷನ್ನನ್ನು ಅವನು ಬೇಸಿಗೆಯುದ್ದಕ್ಕೂ ಶ್ರದ್ಧೆಯಿಂದ ತಿದ್ದಿದ್ದ.

ಎರಡನೆಯದನ್ನು ತಿದ್ದಿದ. ಮರುದಿನ ಗುಡ್ಡಕ್ಕೆ ನೀರು ಹತ್ತಿತು. ಹೆಂಗಸು ಬಂದು ಕೊಡವನ್ನು ತೆಗೆದುಕೊಂಡು ಹೋದಳು.

ಮೊದಲನೆಯದನ್ನು ಅವನು ಅಳಿಸಲಿಲ್ಲ. ಎಲ್ಲಾದರೂ ಬೇಕಾದೀತು ಎಂಬ ಭಯ. ಕಂಪ್ಯೂಟರ್ ರಿಪೇರಿಯಾಗಿ ಬಂದ ಮೇಲೆ ಇನ್ನೊಂದು ಪ್ಲಗಿನ್ ಹಾಕಿಕೊಂಡ. ಒಂದೇ ಹೆಸರಿನವು ಎರಡಿದ್ದರೆ ಅದು ಎರಡನ್ನೂ ತೋರಿಸುತ್ತಿತ್ತು.

ಗುರು ಅಲ್ಲಿಗೆ ನಿಲ್ಲಿಸಿದ. ಶಿಷ್ಯ ನಕ್ಕ.

"ಎಂಥ ಪೆದ್ದ ಗುರುಗಳೇ. ಕೆಲಸಕ್ಕೆ ಬಾರದ್ದನ್ನು ಅಳಿಸಿ ಹಾಕಿದ್ದರೆ ಮುಗಿಯುತ್ತಿತ್ತಲ್ಲ. ಇರಲಿ, ಆ ಹೊಸ ಪ್ಲಗಿನ್ನಿನ ಹೆಸರೇನು?"

ಗುರು ಕನ್ನಡಕ ಹಾಕಿಕೊಂಡು ಹೇಳಿದ: "ಹೇಳುತ್ತೇನೆ, ಅದಕ್ಕೆ ಮೊದಲು, ನಿನ್ನ ಫೈಲಿನಿಂದ ನೀನು ಕೊನೆಯ ಸಲ ಅಳಿಸಿದ್ದು ಏನನ್ನು?"