ಗಂಟು ಉದುರಿದ ಜಾಗ

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಕೇರಿಯ ಭಜನೆಯಲ್ಲಿ ತಾಳ ಹಾಕುತ್ತಿದ್ದ ಹಾಲಪ್ಪಜ್ಜ.

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: “ಅಪ್ಪಾ, ನನ್ನ ತಂಗಿ ತೀರಿಕೊಂಡು ಎರಡು ವರ್ಷವಾಯಿತು. ಎದೆಯಲ್ಲಿ ಅವಳ ಜಾಗ ಹಾಗೇ ಖಾಲಿ ಇದೆ. ಯಾರ ಮನೆಯಲ್ಲಿ ಅಳು ಕೇಳಿದರೂ ಧ್ಯಾನ ಬಿಟ್ಟು ಎದ್ದು ಅಲ್ಲಿಗೆ ಹೋಗುತ್ತೇನೆ. ಈ ಜಾಗವನ್ನು ಮುಚ್ಚಿಕೊಳ್ಳುವುದು ಹೇಗೆ?”

ಗುರುಗಳು ಹೇಳಿದರು:

ಒಬ್ಬ ವ್ಯಾಪಾರಿ ಬಡಗಿಯಿಂದ ದೊಡ್ಡದೊಂದು ಮರದ ಪೆಟ್ಟಿಗೆ ಮಾಡಿಸಿದ. ಕೆಲಸ ಗಟ್ಟಿಯಾಗಿತ್ತು. ಆದರೆ ಪಕ್ಕದ ಹಲಗೆಯಲ್ಲಿ ಬೆರಳು ಹೋಗುವಷ್ಟು ತೂತು ಇತ್ತು.

“ಏನಯ್ಯಾ, ಇಲಿಗೆ ಬೇರೆ ಬಾಗಿಲು ಇಟ್ಟುಕೊಟ್ಟಿದ್ದೀಯಲ್ಲ!” ಎಂದ ವ್ಯಾಪಾರಿ.

“ಅದು ಗಂಟು ಉದುರಿದ ತೂತು, ಯಜಮಾನರೇ. ಅಲ್ಲೊಂದು ಕೊಂಬೆ ಇತ್ತು. ಕೊಂಬೆ ಸತ್ತಿತು, ಮರ ಅದನ್ನು ಒಳಗೇ ಇಟ್ಟುಕೊಂಡು ಸುತ್ತಲೂ ಬೆಳೆಯಿತು. ಹಲಗೆ ಕೊಯ್ದಾಗ ಗಂಟು ಉದುರಿತು, ಜಾಗ ಉಳಿಯಿತು.”

“ಅದರ ವಂಶಾವಳಿ ಯಾರು ಕೇಳಿದರು? ಮುಚ್ಚು.”

“ಹಸಿ ಬೆಣೆ ಹೊಡೆದರೆ ಒಣಗಿ ಬೀಳುತ್ತದೆ. ಒಣಗಿಸಿ ಸೋಮವಾರ ತರುತ್ತೇನೆ.”

ಭಾನುವಾರ ಮಕ್ಕಳು ಕಣ್ಣಾಮುಚ್ಚಾಲೆ ಆಡಿದರು. ವ್ಯಾಪಾರಿಯ ಮಗಳು ಪೆಟ್ಟಿಗೆಯೊಳಗೆ ಅಡಗಿ ಮುಚ್ಚಳ ಎಳೆದುಕೊಂಡಳು. ಹೊರಗಿನ ಚಿಲಕ ತಾನಾಗಿ ಬಿತ್ತು. ಹಲಗೆ ದಪ್ಪ, ಕೂಗಿದ್ದು ಯಾರಿಗೂ ಕೇಳಲಿಲ್ಲ. ಮನೆಯವರು ಬಾವಿಗೆ ಇಳಿದು ನೋಡಿದರು, ಹುಲ್ಲಿನ ಬಣವೆ ಕಿತ್ತರು. ಮಧ್ಯಾಹ್ನ ಕಳೆಯಿತು. ತಾಯಿ ಒಳಗೆ ಬಂದು ಪೆಟ್ಟಿಗೆಗೆ ಒರಗಿ ಕುಳಿತಳು.

ಬೆನ್ನಿಗೆ ಏನೋ ತಾಗಿತು. ತಿರುಗಿ ನೋಡಿದರೆ ತೂತಿನಿಂದ ಒಂದು ಪುಟ್ಟ ಬೆರಳು ಹೊರಗೆ ಬಂದಿತ್ತು.

ಮುಚ್ಚಳ ತೆಗೆದರು. ಅಷ್ಟು ಹೊತ್ತೂ ಆ ತೂತಿಗೆ ಮೂಗಿಟ್ಟು ಉಸಿರಾಡಿದ್ದ ಮಗು, ಬೆವರಿನಲ್ಲಿ ಮಿಂದು, ಅತ್ತಿತು. ಅತ್ತು ಮುಗಿದ ಮೇಲೆ, “ನಾನೇ ಗೆದ್ದೆ ತಾನೇ?” ಎಂದು ಕೇಳಿತು. ತಾಯಿಗೆ ನಗುವುದೋ ಅಳುವುದೋ ತಿಳಿಯಲಿಲ್ಲ.

ಸೋಮವಾರ ಬಡಗಿ ಹೇಳಿದಂತೆ ಬಂದ. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ವ್ಯಾಪಾರಿ ಎಂದ: “ಆ ಬೆಣೆ ನಿನ್ನ ಚೀಲದಲ್ಲೇ ಇರಲಿ, ಮಾರಾಯ. ಬಾ, ಊಟ ಮಾಡು.”

ಇಷ್ಟು ಹೇಳಿ ಗುರುಗಳು ಶಿಷ್ಯನನ್ನು ನೋಡಿದರು.

“ಅಳು ಕೇಳಿ ನೀನು ಎದ್ದು ಹೋದೆಯಲ್ಲ, ಆ ಮನೆಗಳವರು ಯಾವ ತೂತಿನಿಂದ ಉಸಿರಾಡಿದರಪ್ಪಾ?”



ಹಾಲಪ್ಪಜ್ಜ ಇದನ್ನು ನನಗೆ ಹೇಳಿದ್ದು ನಮ್ಮ ಮನೆಯಲ್ಲಿ ಸೂತಕವಿದ್ದ ದಿನ. ಅಂಥ ಮನೆಗೆ ನೀವು ಹೋಗಬೇಕಾಗಿ ಬಂದರೆ, ಸ್ವಲ್ಪ ಹೊತ್ತು ಕುಳಿತು ಇದನ್ನು ಹೇಳಿ ಬನ್ನಿ.